ತವರಿನ ಪಂದ್ಯಕ್ಕೆ ಯಾರು, ಹೊರಗಿನ ಪಂದ್ಯಕ್ಕೆ ಯಾರು? ಫುಟ್‌ಬಾಲ್ ತಂಡ ಆರಿಸುವ ಕ್ರಮ

2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಕತಾರ್ ವಿರುದ್ಧ ಗೋಲಿಲ್ಲದ ಡ್ರಾ ಸಾಧಿಸಿತು. ಕತಾರ್ ಆಗ ಏಷ್ಯಾ ಚಾಂಪಿಯನ್. ಜ್ವರದಿಂದಾಗಿ ನಾಯಕ ಸುನಿಲ್ ಚೆಟ್ರಿ ಕಣಕ್ಕಿಳಿದಿರಲಿಲ್ಲ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಬಂದದ್ದನ್ನೆಲ್ಲ ತಡೆದರು. ಐದು ವಾರ ಕಳೆದು ಅಕ್ಟೋಬರ್ 15ರಂದು ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣ ಕಿಕ್ಕಿರಿದಿತ್ತು, ಚೆಟ್ರಿ ಮರಳಿದ್ದರು, ಎದುರಿಗಿದ್ದದ್ದು ರ್‍ಯಾಂಕಿಂಗ್‌ನಲ್ಲಿ ಎಷ್ಟೋ ಕೆಳಗಿದ್ದ ಬಾಂಗ್ಲಾದೇಶ. 88ನೇ ನಿಮಿಷದಲ್ಲಿ ಆದಿಲ್ ಖಾನ್ ಹೆಡ್ ಮಾಡಿ ಗೋಲು ಗಳಿಸದಿದ್ದರೆ ಭಾರತ ತವರಿನಲ್ಲೇ ಸೋಲುತ್ತಿತ್ತು. ಪಂದ್ಯ 1–1ರಲ್ಲಿ ಮುಗಿಯಿತು.

ತವರಿನಲ್ಲಿ ನುಗ್ಗಿ ಆಡು, ಹೊರಗೆ ಕಾದು ಆಡು ಎಂಬ ಸೂತ್ರ ಕಾಲೇಜು ತಂಡಗಳಿಂದ ಹಿಡಿದು ದೊಡ್ಡ ಕ್ಲಬ್‌ಗಳವರೆಗೆ ಚಾಲ್ತಿಯಲ್ಲಿದೆ. ಅದು ಸುಳ್ಳೇನಲ್ಲ, ಆದರೆ ಹನ್ನೊಂದು ಹೆಸರು ಬರೆಯುವುದಕ್ಕೆ ಸಾಲದು. ದೋಹಾದಲ್ಲಿ ಚೆಂಡು ಬಹುಪಾಲು ಹೊತ್ತು ಕತಾರ್ ಬಳಿಯೇ ಇತ್ತು. ಜಾಗ ಮುಚ್ಚುವುದಷ್ಟೇ ಭಾರತದ ಕೆಲಸ. ಕೋಲ್ಕತ್ತದಲ್ಲಿ ಚೆಂಡು ಭಾರತದ ಬಳಿ ಇತ್ತು, ನುಗ್ಗಲು ಜಾಗವೇ ಇರಲಿಲ್ಲ. ಒಂದು ಕೆಲಸಕ್ಕೆ ಒಗ್ಗುವ ಆಟಗಾರ ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಆದ್ದರಿಂದ ಹಾಳೆ ಮುಂದಿಟ್ಟುಕೊಂಡು ಕುಳಿತ ಕೋಚ್ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಚೆಂಡು ಹೆಚ್ಚು ಹೊತ್ತು ಯಾರ ಬಳಿ ಇರುತ್ತದೆ? ಖಾಲಿ ಜಾಗ ಮೈದಾನದ ಯಾವ ಭಾಗದಲ್ಲಿ ಸಿಗುತ್ತದೆ? ಉಳಿದದ್ದೆಲ್ಲ ಇವಕ್ಕೆ ಸಿಗುವ ಉತ್ತರದ ಮೇಲೆ ನಿಂತಿದೆ.

1. ಟೂರ್ನಿಯ ನಿಯಮ ಓದಿ

ಬೇಸರದ ಕೆಲಸ, ಆದರೆ ಮೊದಲು ಇದೇ ಆಗಬೇಕು. ಲೀಗ್ ಪಂದ್ಯವೋ, ತವರು–ಹೊರಗು ಎಂದು ಎರಡು ಲೆಗ್‌ಗಳಲ್ಲಿ ನಡೆಯುವ ನಾಕೌಟ್ ಪಂದ್ಯವೋ? ಎರಡು ಲೆಗ್ ಇದ್ದರೆ, ಒಟ್ಟು ಗೋಲು ಸಮವಾದಾಗ ಎದುರಾಳಿ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ ಇದೆಯೋ? ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಈ ನಿಯಮವನ್ನು 2021ರಲ್ಲಿ ಕೈಬಿಟ್ಟರು. ಹಳೆಯ ಲೆಕ್ಕದಲ್ಲಿ ತವರಿನಲ್ಲಿ ಒಂದು ಗೋಲು ಬಿಟ್ಟುಕೊಟ್ಟರೂ ದುಬಾರಿಯಾಗುತ್ತಿದ್ದುದರಿಂದ ಮೊದಲ ಲೆಗ್ ಆಡುವ ಆತಿಥೇಯರೇ ಅಂಜುತ್ತಿದ್ದರು. ನಿಯಮ ಇಲ್ಲದ ಕಡೆ ಆ ಅಂಜಿಕೆಗೆ ಕಾರಣವಿಲ್ಲ.

ಈ ಲೆಕ್ಕ ಬಲ್ಲ ತಂಡ ಹೇಗೆ ಆಡುತ್ತದೆ ಎಂಬುದನ್ನು ಬೆಂಗಳೂರಿಗರು 2016ರಲ್ಲಿ ಕಣ್ಣಾರೆ ಕಂಡಿದ್ದಾರೆ. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ತಂಡವನ್ನು ಕಂಠೀರವದಲ್ಲಿ 1–0ಯಿಂದ ಮಣಿಸಿ, ಅಲ್ಲಿಗೆ ಹೋಗಿ 0–0 ಡ್ರಾ ಮಾಡಿಕೊಂಡು ಬಂತು. ಸೆಮಿಫೈನಲ್ ಎದುರಾಳಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್. ಅವರ ಅಂಗಳದಲ್ಲಿ 1–1. ಅಕ್ಟೋಬರ್ 19ರ ಎರಡನೇ ಲೆಗ್‌ನಲ್ಲಿ ಕಂಠೀರವದ ಗ್ಯಾಲರಿ ಇನ್ನೂ ಸರಿಯಾಗಿ ಕೂಗಲು ಶುರುಮಾಡುವ ಮೊದಲೇ ಜೊಹೊರ್ ಮುನ್ನಡೆ ಪಡೆಯಿತು. ಬೆಂಗಳೂರಿನ ಕೋಚ್ ಆಲ್ಬರ್ಟ್ ರೋಕಾ ಅವರ ಹುಡುಗರು ಗಾಬರಿಯಾಗಲಿಲ್ಲ. ಮೊದಲಾರ್ಧ ಮುಗಿಯುವ ಮುನ್ನ ಚೆಟ್ರಿ ಸಮ ಮಾಡಿದರು, ದ್ವಿತೀಯಾರ್ಧದಲ್ಲಿ ದೂರದಿಂದ ಇನ್ನೊಂದು ಹೊಡೆದರು, ಡಿಫೆಂಡರ್ ಹುವಾನನ್ ಹೆಡ್ ಮಾಡಿ ಮೂರನೆಯದನ್ನು ಸೇರಿಸಿದರು. 3–1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು.

2. ಮೈದಾನವನ್ನು ಕಾಲಲ್ಲಿ ಅಳೆಯಿರಿ

ಹೊರಗಿನ ಪಂದ್ಯವಾದರೆ ಸಾಧ್ಯವಾದಷ್ಟೂ ಹಿಂದಿನ ದಿನವೇ ಮೈದಾನಕ್ಕೆ ಹೋಗಿ. ಅಡ್ಡಗಲವನ್ನು ಹೆಜ್ಜೆಯಲ್ಲಿ ಎಣಿಸಿ. ನಿಯಮದ ಪ್ರಕಾರ ಮೈದಾನದ ಅಗಲ 45 ಮೀಟರಿನಿಂದ 90 ಮೀಟರಿನವರೆಗೆ ಎಷ್ಟಾದರೂ ಇರಬಹುದು. ಅಂತರರಾಷ್ಟ್ರೀಯ ಪಂದ್ಯಗಳಿಗಷ್ಟೇ 64ರಿಂದ 75. ಕಿರಿದಾದ ಅಂಗಳದಲ್ಲಿ ಇಬ್ಬರು ವಿಂಗರ್‌ಗಳನ್ನು, ಅಂದರೆ ಬದಿಯಿಂದ ನುಗ್ಗುವವರನ್ನು, ಗೆರೆಗೆ ಅಂಟಿಸಿ ನಿಲ್ಲಿಸಿ ಏನೂ ಸಿಗದು. ಅಲ್ಲಿ ಥ್ರೋ ಎಂದರೆ ಕಾರ್ನರ್ ಇದ್ದ ಹಾಗೆ, ಉದ್ದ ಥ್ರೋ ಎಸೆಯಬಲ್ಲ ಹುಡುಗನಿಗೆ ಜಾಗ ಮಾಡಿಕೊಡಿ.

ಆಮೇಲೆ ಚೆಂಡನ್ನು ತಲೆಯ ಎತ್ತರದಿಂದ ಬಿಟ್ಟು ನೋಡಿ. ಮಧ್ಯದಲ್ಲಿ ಒಮ್ಮೆ, ಎರಡೂ ಗೋಲುಪೆಟ್ಟಿಗೆಗಳ ಮುಂದೆ ಒಮ್ಮೊಮ್ಮೆ, ಬದಿಯ ಗೆರೆಯ ಹತ್ತಿರ ಒಮ್ಮೆ. ನಮ್ಮ ಜಿಲ್ಲಾ ಮೈದಾನಗಳಲ್ಲಿ ನಾಲ್ಕು ಕಡೆ ನಾಲ್ಕು ಥರ ಪುಟಿಯುವುದು ಮಾಮೂಲು. ಗೋಲುಪೆಟ್ಟಿಗೆಯ ಮುಂದಿನ ಹುಲ್ಲು ಸವೆದು ಮಣ್ಣು ಕಾಣುತ್ತಿದ್ದರೆ ಕೀಪರ್‌ನನ್ನು ಅಲ್ಲೇ ನಿಲ್ಲಿಸಿ, ನೆಲಕ್ಕೆ ತಾಗಿ ಬರುವ ಹತ್ತಿಪ್ಪತ್ತು ಶಾಟ್ ಹೊಡೆಸಿ. ಸಂಜೆ ಪಂದ್ಯದ ಹೊತ್ತಿಗೆ ಸೂರ್ಯ ಯಾವ ತುದಿಯಲ್ಲಿರುತ್ತಾನೆ ಎಂದೂ ನೋಡಿಕೊಳ್ಳಿ. ಟಾಸ್ ಗೆದ್ದ ನಾಯಕನಿಗೆ ಉತ್ತರ ಗೊತ್ತಿರಬೇಕು.

ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲಿನಲ್ಲಿ ಆಡಿ ಅಭ್ಯಾಸವಾದವರಿಗೆ ಮಣ್ಣಿನ ಮೈದಾನದಲ್ಲಿ ಮೊದಲ ಟಚ್ಚೇ ಕೈಕೊಡುತ್ತದೆ. ಊರ ಮೈದಾನದಿಂದ ಬಂದವರಿಗೆ ಕೃತಕ ಹುಲ್ಲಿನ ಮೇಲೆ ಚೆಂಡು ಓಡುವ ವೇಗಕ್ಕೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ಹಿಂದಿನ ದಿನವೇ ಕೊಡಿ, ಪಂದ್ಯದಲ್ಲಿ ಕೊಡಬೇಡಿ. ಬೂಟಿನ ಸ್ಟಡ್ ಬದಲಾಯಿಸುವುದನ್ನೂ ಮರೆಯಬೇಡಿ. ಮಂಡಿನೋವು ಇರುವ ಡಿಫೆಂಡರ್‌ನನ್ನು ಗಟ್ಟಿ ಕೃತಕ ಹುಲ್ಲಿನ ಮೇಲೆ ಇಳಿಸುವ ಮುನ್ನ ಎರಡು ಸಲ ಯೋಚಿಸಿ.

ಜಾಗವೇ ಹನ್ನೊಂದನೇ ಆಟಗಾರನನ್ನು ಆರಿಸುವ ಊರುಗಳೂ ಇವೆ. ಬೊಲಿವಿಯಾದ ಲಾ ಪಾಝ್‌ನ ಕ್ರೀಡಾಂಗಣ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. 2009ರ ಏಪ್ರಿಲ್ 1ರಂದು ಮರಡೋನಾ ಕೋಚ್ ಆಗಿದ್ದ, ಮೆಸ್ಸಿ ಆಡಿದ ಅರ್ಜೆಂಟೀನಾವನ್ನು ಬೊಲಿವಿಯಾ ಅಲ್ಲಿ 6–1ರಿಂದ ಬಗ್ಗುಬಡಿಯಿತು. ಗಾಳಿ ತೆಳುವಾದಷ್ಟೂ ಚೆಂಡು ವೇಗವಾಗಿ ಹೋಗುತ್ತದೆ, ತಿರುವು ಕಡಿಮೆ. ಒಮ್ಮೆ ಜೋರಾಗಿ ಓಡಿದವನಿಗೆ ಮತ್ತೆ ಉಸಿರು ಕೂಡಿಬರಲು ಹೊತ್ತು ಹಿಡಿಯುತ್ತದೆ. 2024ರಿಂದ ಅವರು ಇನ್ನೂ ಎತ್ತರದ, ಸುಮಾರು 4,100 ಮೀಟರ್ ಮೇಲಿರುವ ಎಲ್ ಆಲ್ಟೊಗೆ ತವರನ್ನೇ ಸಾಗಿಸಿದ್ದಾರೆ. ನಮ್ಮಲ್ಲಿ ಎತ್ತರಕ್ಕಿಂತ ಸೆಕೆಯದೇ ಕಾಟ. ಬೆಂಗಳೂರಿನ ತಂಪು ಸಂಜೆಯಲ್ಲಿ ತೊಂಬತ್ತು ನಿಮಿಷ ಓಡಿದವರು ಕೊಚ್ಚಿಯಲ್ಲೋ ಮಂಗಳೂರಿನಲ್ಲೋ ಅರವತ್ತಕ್ಕೇ ಬಾಯಿ ಒಣಗಿಸಿಕೊಳ್ಳುತ್ತಾರೆ. ಅಂಥ ಕಡೆ ಮುಂದೆ ಹೋಗಿ ಒತ್ತಡ ಹೇರುವ ಆಟವನ್ನು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ.

3. ಬೆನ್ನೆಲುಬು ಮುಟ್ಟಬೇಡಿ

ಹೊರಗಿನ ಪಂದ್ಯ ಎಂದಾಕ್ಷಣ ಅರ್ಧ ತಂಡವನ್ನೇ ಬದಲಿಸಿ, ವರ್ಷಪೂರ್ತಿ ಆಡಿಸದ ಐವರು ಡಿಫೆಂಡರ್‌ಗಳ ಸಾಲು ಕಟ್ಟುವ ಕೋಚ್‌ಗಳಿದ್ದಾರೆ. ಇದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಗೋಲ್‌ಕೀಪರ್, ನಡುವಿನ ಇಬ್ಬರು ಡಿಫೆಂಡರ್‌ಗಳು, ಅವರ ಮುಂದೆ ನಿಲ್ಲುವ ಮಿಡ್‌ಫೀಲ್ಡರ್ – ಈ ನಾಲ್ವರು ಎಲ್ಲೇ ಪಂದ್ಯವಿರಲಿ ಅವರೇ ಇರಲಿ. ಚೆಂಡು ಮೇಲೆ ಬಂದಾಗ ಯಾರು ಹೋಗಬೇಕು, ಯಾರು ಹಿಂದೆ ಸರಿಯಬೇಕು ಎಂಬುದನ್ನು ಇವರು ಮಾತಿಲ್ಲದೆ ತಿಳಿದಿರುತ್ತಾರೆ. ದೋಹಾದಲ್ಲಿ ಆದಿಲ್ ಖಾನ್ ಜೊತೆ ಸಂದೇಶ್ ಜಿಂಗಾನ್ ಇದ್ದರು. ಮಂಡಿಗೆ ಪೆಟ್ಟಾಗಿ ಜಿಂಗಾನ್ ಕೋಲ್ಕತ್ತ ಪಂದ್ಯಕ್ಕೆ ಸಿಗಲಿಲ್ಲ, ಜೋಡಿ ಮುರಿಯಿತು. 42ನೇ ನಿಮಿಷದಲ್ಲಿ ಬಾಂಗ್ಲಾದೇಶಕ್ಕೆ ಗೋಲು ಸಿಕ್ಕಿದ್ದು ತೇಲಿಬಂದ ಫ್ರೀಕಿಕ್‌ನಿಂದ.

ಬದಲಾವಣೆ ಮಾಡುವುದಿದ್ದರೆ ಬದಿಯ ಡಿಫೆಂಡರ್‌ಗಳಲ್ಲಿ ಒಬ್ಬ, ಮಿಡ್‌ಫೀಲ್ಡ್‌ನ ಮೂರನೆಯವ, ಮುಂದಿನ ಸ್ಟ್ರೈಕರ್. ಎರಡೋ ಮೂರೋ ಹೆಸರು ಸಾಕು.

4. ತವರಿನಲ್ಲಿ ಯಾರು?

ನಿಜವಾದ ಕಷ್ಟ ಇಲ್ಲಿದೆ. ಎದುರಾಳಿ ಹತ್ತು ಮಂದಿಯನ್ನೂ ತನ್ನ ಅರ್ಧದಲ್ಲೇ ನಿಲ್ಲಿಸಿಕೊಂಡರೆ ವೇಗದ ವಿಂಗರ್‌ಗೆ ಓಡಲು ಜಾಗವೇ ಇಲ್ಲ. 2023ರ ನವೆಂಬರ್‌ನಲ್ಲಿ ಕುವೈತ್‌ಗೆ ಹೋಗಿ ಮನ್‌ವೀರ್ ಸಿಂಗ್ ಗೋಲಿನಿಂದ 1–0ಯಲ್ಲಿ ಗೆದ್ದ ಭಾರತ, 2024ರ ಜೂನ್ 6ರಂದು ಅದೇ ಕುವೈತ್ ಜೊತೆ ಕೋಲ್ಕತ್ತದಲ್ಲಿ 0–0ಗೆ ತೃಪ್ತಿಪಟ್ಟಿತು. ಚೆಟ್ರಿಯ ವಿದಾಯದ ಪಂದ್ಯ ಎಂದು ಅದಕ್ಕೆ ಬಂದ ಜನಸಾಗರವೂ ಗೋಲು ತರಲಿಲ್ಲ (2025ರಲ್ಲಿ ಅವರು ಮತ್ತೆ ಭಾರತ ತಂಡಕ್ಕೆ ಮರಳಿದರು).

ಇಂಥ ಪಂದ್ಯಕ್ಕೆ ಬೇಕಾದವರು: ಇಕ್ಕಟ್ಟಿನಲ್ಲಿ, ಬೆನ್ನ ಹಿಂದೆ ಎದುರಾಳಿ ಅಂಟಿಕೊಂಡಿರುವಾಗ ಚೆಂಡು ಪಡೆದು ತಿರುಗಬಲ್ಲ ಮಿಡ್‌ಫೀಲ್ಡರ್, ಗೆರೆಯವರೆಗೂ ಹೋಗಿ ನಿಖರ ಕ್ರಾಸ್ ಕೊಡುವ ಬದಿಯ ಡಿಫೆಂಡರ್, ಪೆನಾಲ್ಟಿ ಪೆಟ್ಟಿಗೆಯೊಳಗೆ ಮೊದಲು ಚೆಂಡು ಮುಟ್ಟುವ ಸ್ಟ್ರೈಕರ್. ಇವರೆಲ್ಲರಿಗಿಂತ ಮುಖ್ಯವಾಗಿ, ನಿಂತ ಚೆಂಡನ್ನು ಚೆನ್ನಾಗಿ ಒದೆಯುವವನು. 2019ರ ಆ ಅರ್ಹತಾ ಸುತ್ತಿನ ಮೊದಲ ನಾಲ್ಕು ಪಂದ್ಯಗಳಲ್ಲಿ ಭಾರತ ಹೊಡೆದದ್ದು ಮೂರೇ ಗೋಲು: ಗುವಾಹಟಿಯಲ್ಲಿ ಒಮಾನ್ ವಿರುದ್ಧ ಫ್ರೀಕಿಕ್‌ನಿಂದ, ಕೋಲ್ಕತ್ತದಲ್ಲಿ ಕಾರ್ನರ್‌ನಿಂದ, ದುಶಾಂಬೆಯ ಕೊರೆವ ಚಳಿಯಲ್ಲಿ ಅಫ್ಗಾನಿಸ್ತಾನದ ವಿರುದ್ಧ ಮತ್ತೆ ಕಾರ್ನರ್‌ನಿಂದ. ಆ ಫ್ರೀಕಿಕ್, ಕಾರ್ನರ್ ಮೂರನ್ನೂ ಒದ್ದವರು ಬ್ರೆಂಡನ್ ಫೆರ್ನಾಂಡಿಸ್. ಅಂಥವನೊಬ್ಬ ನಿಮ್ಮಲ್ಲಿದ್ದರೆ, ಓಟದಲ್ಲಿ ತುಸು ಹಿಂದಿದ್ದರೂ ತವರಿನ ಹನ್ನೊಂದರಲ್ಲಿ ಅವನ ಹೆಸರು ಮೊದಲು ಬರೆಯಿರಿ.

ಎಲ್ಲರೂ ಮುಂದೆ ಹೋದಾಗ ಹಿಂದೆ ಯಾರು? ಇಬ್ಬರು ಡಿಫೆಂಡರ್ ಮತ್ತು ಒಬ್ಬ ಮಿಡ್‌ಫೀಲ್ಡರ್ ನಡುಗೆರೆಯ ಆಸುಪಾಸು ಇರಲೇಬೇಕು. ಗ್ಯಾಲರಿಯಿಂದ ‘ಮುಂದೆ ಹೊಡಿಯೋ’ ಎಂಬ ಕೂಗು ಬಂದಾಗಲೂ ಅಡ್ಡ ಪಾಸ್ ಕೊಟ್ಟು ಕಾಯುವ ತಾಳ್ಮೆ ನಾಯಕನಿಗಿರಬೇಕು. ತವರಿನ ಜನರ ಅವಸರಕ್ಕೆ ಆಟಗಾರ ತಾಳ ಹಾಕಿದರೆ ಎದುರಾಳಿ ಕೋಚ್‌ಗೆ ಅದಕ್ಕಿಂತ ಖುಷಿ ಬೇರಿಲ್ಲ.

5. ಹೊರಗೆ ಯಾರು?

ಸ್ಟ್ರೈಕರ್‌ನಿಂದ ಶುರುಮಾಡಿ. ಹೊರಗಿನ ಪಂದ್ಯದಲ್ಲಿ ಅವನಿಗೆ ಗೋಲಿಗಿಂತ ದೊಡ್ಡ ಕೆಲಸವಿದೆ: ಹಿಂದಿನಿಂದ ಎತ್ತಿ ಒದ್ದ ಚೆಂಡನ್ನು ಎದೆಯಲ್ಲೋ ಕಾಲಲ್ಲೋ ಹಿಡಿದು, ಗೆಳೆಯರು ಮೇಲೆ ಬರುವವರೆಗೆ ಐದಾರು ಸೆಕೆಂಡ್ ಬಿಡದೆ ಇಟ್ಟುಕೊಳ್ಳುವುದು. ಅದಾಗದಿದ್ದರೆ ಚೆಂಡು ಗೋಡೆಗೆ ಹೊಡೆದಂತೆ ವಾಪಸ್ ಬರುತ್ತದೆ, ಡಿಫೆಂಡರ್‌ಗಳಿಗೆ ಉಸಿರಾಡಲು ಪುರಸೊತ್ತಿಲ್ಲ. ಅವನ ಜೊತೆಗೆ ವಿಂಗರ್ ಉದಾಂತ ಸಿಂಗ್ ಥರದ ಓಟಗಾರ ಒಬ್ಬನಿರಲಿ. ಎದುರಾಳಿ ಮುಂದೆ ಬಂದಷ್ಟೂ ಅವರ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಅವನ ಕಾಲಿಗೆ ಬೇಕಾದದ್ದು ಅದೇ. ಬದಿಯ ಡಿಫೆಂಡರ್ ಮಾತ್ರ ಕ್ರಾಸ್ ಕೊಡುವವನಿಗಿಂತ ಕ್ರಾಸ್ ತಡೆಯುವವನಾಗಿರಲಿ.

ಸಿಟ್ಟಿನ ಹುಡುಗರ ಬಗ್ಗೆ ಎಚ್ಚರ. ಕೋವಿಡ್ ಕಾಲದಲ್ಲಿ, 2020ರ ಮೇ 16ರಂದು ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾದಾಗ ಮೊದಲ ಸುತ್ತಿನ ಒಂಬತ್ತು ಪಂದ್ಯಗಳಲ್ಲಿ ಆತಿಥೇಯರು ಗೆದ್ದದ್ದು ಒಂದೇ ಒಂದು, ಶಾಲ್ಕೆ ವಿರುದ್ಧ ಡಾರ್ಟ್‌ಮಂಡ್. ಜನರಿಲ್ಲದಿದ್ದಾಗ ಪ್ರವಾಸಿ ತಂಡಗಳಿಗೆ ರೆಫ್ರಿಗಳು ತೋರಿಸುವ ಹಳದಿ ಕಾರ್ಡುಗಳೂ ಕಡಿಮೆಯಾದವು ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಅಂದರೆ ತವರಿನಲ್ಲಿ ಬರೀ ಮಾತಿನ ಎಚ್ಚರಿಕೆಯಲ್ಲಿ ಮುಗಿಯುವ ಫೌಲ್‌ಗೆ ಹೊರಗೆ ಕಾರ್ಡ್ ಬೀಳಬಹುದು. ಅರ್ಧ ಗಂಟೆಯೊಳಗೆ ಒಂದು ಕಾರ್ಡ್ ಪಡೆದ ಮಿಡ್‌ಫೀಲ್ಡರ್ ಉಳಿದ ಆಟವನ್ನೆಲ್ಲ ಕೈಕಟ್ಟಿಕೊಂಡು ಆಡಬೇಕಾಗುತ್ತದೆ.

ಪ್ರಯಾಣ: ರಾತ್ರಿಯಿಡೀ ಬಸ್ಸಿನಲ್ಲಿ ಬಂದವರು ಬೆಳಿಗ್ಗೆಯೇ ಆಡುವುದಾದರೆ ವಯಸ್ಸಾದ ಕಾಲುಗಳನ್ನು ಬೆಂಚಿನಲ್ಲಿ ಕೂರಿಸಿ. ಇಷ್ಟು ಸಾಕು.

6. ಬೆಂಚನ್ನು ಪಂದ್ಯಕ್ಕೆ ಮೊದಲೇ ಬರೆದಿಡಿ

ಐದು ಬದಲಿ ಆಟಗಾರರಿಗೆ ಅವಕಾಶ ಕೊಡುವುದು ಈಗ ಬಹುತೇಕ ದೊಡ್ಡ ಟೂರ್ನಿಗಳಲ್ಲಿ ವಾಡಿಕೆ. ಅರ್ಧ ವಿರಾಮ ಬಿಟ್ಟರೆ ಮೂರು ಸಲ ಮಾತ್ರ ಆಟ ನಿಲ್ಲಿಸಬಹುದು. ಸ್ಥಳೀಯ ಲೀಗ್‌ನ ಲೆಕ್ಕ ಬೇರೆ ಇರಬಹುದು, ಕೇಳಿಕೊಳ್ಳಿ. ತವರಿನಲ್ಲಿ ಬೆಂಚಿನ ಮೇಲೆ ಇಬ್ಬರು ಫಾರ್ವರ್ಡ್ ಇರಲಿ, ಅವರಲ್ಲೊಬ್ಬ ಎತ್ತರದವನು. ಹೊರಗೆ ಒಬ್ಬ ಓಟಗಾರ, ಒಬ್ಬ ಗಟ್ಟಿ ಮಿಡ್‌ಫೀಲ್ಡರ್. ಮುಂದಿದ್ದರೆ ಯಾರು, ಹಿಂದಿದ್ದರೆ ಯಾರು, ಕೆಂಪು ಕಾರ್ಡ್ ಬಿದ್ದರೆ ಯಾರು ಎಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಗದ್ದಲದ ನಡುವೆ ತಲೆ ಓಡುವುದಿಲ್ಲ.

ತವರಿನಲ್ಲಿ ಮುನ್ನಡೆ ಇದ್ದಾಗಲೇ ಈ ಚೀಟಿ ಹೆಚ್ಚು ಬೇಕಾಗುತ್ತದೆ. 2019ರ ಸೆಪ್ಟೆಂಬರ್ 5ರಂದು ಗುವಾಹಟಿಯಲ್ಲಿ ಚೆಟ್ರಿ 24ನೇ ನಿಮಿಷಕ್ಕೇ ಗೋಲು ಹೊಡೆದಿದ್ದರು. 82 ಮತ್ತು 90ನೇ ನಿಮಿಷದಲ್ಲಿ ಒಮಾನ್‌ನ ಅಲ್ ಮಂಧರ್ ಎರಡು ಗೋಲು ಬಾರಿಸಿ ಗೆದ್ದುಕೊಂಡು ಹೋದರು. ದಣಿದ ಕಾಲುಗಳನ್ನು ಎಪ್ಪತ್ತರ ಹೊತ್ತಿಗೇ ಬದಲಿಸಿ. ಎಂಬತ್ತರವರೆಗೆ ಕಾದರೆ ಒಳಗೆ ಹೋದವನು ಆಟಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಗೋಲು ಬಿದ್ದಿರುತ್ತದೆ. ಒಂದು ಮಾತು: ಎದುರಾಳಿ ಕಾರ್ನರ್ ಒದೆಯಲು ಸಿದ್ಧವಾಗಿರುವಾಗ ಮಾತ್ರ ಡಿಫೆಂಡರ್‌ನನ್ನು ಬದಲಿಸಬೇಡಿ. ಹೊಸಬನಿಗೆ ಯಾರನ್ನು ಹಿಡಿದುಕೊಳ್ಳಬೇಕೆಂದು ಹೇಳಿ ಮುಗಿಸುವ ಮೊದಲೇ ಚೆಂಡು ಪೆಟ್ಟಿಗೆಯೊಳಗೆ ಬಂದಿರುತ್ತದೆ. ಆ ಕಾರ್ನರ್ ಹೊರಗೆ ಹೋಗಲಿ, ಆಮೇಲೆ ಬೋರ್ಡ್ ಎತ್ತಿಸಿ.