ಅಮ್ಮನ ಹೆಬ್ಬೆಟ್ಟು ಮತ್ತು ಮೂರು ಕೆಲಸದ ದಿನಗಳು

2023ರ ಅಕ್ಟೋಬರ್‌ನಲ್ಲಿ ಮಹಾಲಯ ಅಮಾವಾಸ್ಯೆಗೆಂದು ಊರಿಗೆ ಹೋದಾಗ ಅಮ್ಮನ ಫೋನಿನಲ್ಲಿ ಎರಡು ಎಸ್‌ಎಂಎಸ್ ಓದದೆ ಉಳಿದಿದ್ದವು. ಶುಕ್ರವಾರ ಮಧ್ಯಾಹ್ನ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಅವಳ ಖಾತೆಯಿಂದ 10,000 ರೂಪಾಯಿ, ಆರು ನಿಮಿಷದ ಬಳಿಕ 9,800 ರೂಪಾಯಿ ಹೋಗಿತ್ತು. ಒಟಿಪಿ ಬಂದಿರಲಿಲ್ಲ, ಈ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇಷ್ಟಿದ್ದರೆ ಸಾಕು. ಅಡಿಕೆ ಸುಲಿದು ಸವೆದ ಅಮ್ಮನ ಹೆಬ್ಬೆರಳನ್ನು ಪಡಿತರ ಅಂಗಡಿಯ ಯಂತ್ರ ಮೂರು ಸಲ ಒತ್ತಿಸಿಕೊಂಡರೂ ಒಪ್ಪುವುದಿಲ್ಲ, ಕಳ್ಳನ ನಕಲನ್ನು ಮಾತ್ರ ಅಂದು ಯಾವುದೋ ಯಂತ್ರ ಒಪ್ಪಿಕೊಂಡಿತ್ತು.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟೆ. ಬೇರೊಬ್ಬರ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧವಾದ್ದರಿಂದ ಆ ಕಲಮನ್ನೂ ನಮೂದಿಸಿದೆ.

ಸೋಮವಾರ ಶಾಖೆಯಲ್ಲಿ ಸಿಕ್ಕ ಉತ್ತರ, ‘ಹೆಬ್ಬೆಟ್ಟು ನಿಮ್ಮ ತಾಯಿಯದೇ ಅಲ್ಲವೇ?’ ವಾದಕ್ಕಿಳಿಯದೆ, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಉಲ್ಲೇಖಿಸಿದ ಲಿಖಿತ ದೂರನ್ನು ಕೊಟ್ಟು, ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳುವವರೆಗೆ ಕೌಂಟರ್ ಬಿಟ್ಟು ಕದಲಲಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಬೇರೆಲ್ಲೋ ನಡೆದಿದ್ದರೆ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ ಎನ್ನುತ್ತದೆ ಆ ಸುತ್ತೋಲೆ. ಹೊಣೆ ಗ್ರಾಹಕರದೆಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನದೇ. ದಿನಗಳ ಲೆಕ್ಕದಲ್ಲಿ ಸೂಚನೆ ಬಂದ ದಿನ ಸೇರುವುದಿಲ್ಲ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಹಾಗಾಗಿ ನಮ್ಮ ಸೋಮವಾರ ಮೊದಲನೆಯ ದಿನವಾಗಿತ್ತು. ಇಡೀ ಪ್ರಕರಣ ನಿಂತದ್ದು ಆ ನೀಲಿ ಮೊಹರಿನ ಮೇಲೆ.

ಅದೇ ಸುತ್ತೋಲೆಯಂತೆ ಹತ್ತು ಕೆಲಸದ ದಿನಗಳಲ್ಲಿ ಜಮೆಯಾಗಬೇಕಿದ್ದ ಹಣ ಬರಲಿಲ್ಲ. ಮೂವತ್ತು ದಿನ ಕಳೆದ ಮೇಲೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಿದೆ. ಅದಾದ ಎರಡನೇ ವಾರದಲ್ಲಿ 19,800 ರೂಪಾಯಿ ಒಂದು ಕ್ಷಮೆಯ ಮಾತೂ ಇಲ್ಲದೆ ಖಾತೆಗೆ ಮರಳಿತು.

ಬೆರಳಚ್ಚು ಎಲ್ಲಿಂದ ಸೋರಿತೆಂಬುದು ಕೊನೆಗೂ ಗೊತ್ತಾಗಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಸೋರಿಕೆಗೆ 250 ಕೋಟಿ ರೂಪಾಯಿವರೆಗೆ ದಂಡವನ್ನೇನೋ ಹೇಳುತ್ತದೆ, ಆದರೆ ಆ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಹೆಬ್ಬೆಟ್ಟು ಕಳೆದುಕೊಂಡವರಿಗೆ ಅದರಲ್ಲಿ ಪಾಲಿಲ್ಲದಿರುವುದು ನನ್ನ ಮಟ್ಟಿಗೆ ಆ ಕಾಯ್ದೆಯ ದೊಡ್ಡ ಕೊರತೆ.

ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲಾಗದು. ಆದ್ದರಿಂದ ಅಮ್ಮನ ಬಯೋಮೆಟ್ರಿಕ್‌ಗೆ ನನ್ನ ಫೋನಿನ ಎಂ-ಆಧಾರ್ ಆ್ಯಪ್‌ನಲ್ಲಿ ಬೀಗ ಹಾಕಿದ್ದೇನೆ. ತಾತ್ಕಾಲಿಕವಾಗಿ ತೆರೆದರೆ ಅದು ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಪಡಿತರ ಅಂಗಡಿಯಿಂದ ಅಮ್ಮ ಫೋನ್ ಮಾಡುತ್ತಾಳೆ: ‘ನನ್ನ ಮುಂದೆ ಇನ್ನಿಬ್ಬರೇ ಇದ್ದಾರೆ, ಬೀಗ ತೆಗಿ.’