ಉಬುಂಟು ಬಂತು, ವೈಫೈ ಹೋಯಿತು: ನನ್ನ ಅನುಭವ

ವಿಂಡೋಸ್ ಪಕ್ಕದಲ್ಲೇ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನೂ ಹಾಕಿಕೊಂಡ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಚಿಹ್ನೆಯೇ ಕಾಣದಾಯಿತು. ಸೆಟ್ಟಿಂಗ್ಸ್ ತೆರೆದರೆ ಅಡಾಪ್ಟರ್ ಸಿಗಲಿಲ್ಲ ಎಂಬ ಸಾಲು. ವಿಂಡೋಸ್‌ಗೆ ಹೋದರೆ ಅದೇ ವೈಫೈ ಸರಾಗ. ಅಂದರೆ ಕಾರ್ಡ್ ಕೆಟ್ಟಿಲ್ಲ, ಉಬುಂಟುವಿಗೆ ಅದನ್ನು ನಡೆಸಲು ಬರುತ್ತಿಲ್ಲ, ಅಷ್ಟೇ.

ಇಂಥ ಹೊತ್ತಿನಲ್ಲಿ ಕಂಡ ಕಂಡ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕುವುದು ನನಗೆ ಸರಿಬರುವುದಿಲ್ಲ. ಮೊದಲು ಕಾರ್ಡ್ ಯಾವುದೆಂದು ತಿಳಿಯಬೇಕು. ಟರ್ಮಿನಲ್‌ನಲ್ಲಿ ಯಂತ್ರದೊಳಗಿನ ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆದೇಶವನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ ಕೊಟ್ಟೆ. ಬ್ರಾಡ್‌ಕಾಮ್ ಬಿಸಿಎಂ43142, ಗುರುತು ಸಂಖ್ಯೆ 14ಇ4:4365. ಅದರ ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಹೆಸರು ಇರಬೇಕಿದ್ದ ಸಾಲೇ ಇರಲಿಲ್ಲ. ಆರ್‌ಎಫ್‌ಕಿಲ್ ಪಟ್ಟಿಯನ್ನೂ ನೋಡಿದೆ. ವೈಫೈ ಗುಂಡಿ ಒತ್ತಿ ಆರಿಸಿಟ್ಟಿದ್ದರೆ ಅಲ್ಲಿ ಗೊತ್ತಾಗುತ್ತದೆ. ಅಲ್ಲಿ ಅಂಥ ತಡೆ ಇರಲಿಲ್ಲ.

ಈ ಚಿಪ್‌ಗೆ ಬೇಕಾದ ಡಬ್ಲ್ಯುಎಲ್ ಡ್ರೈವರ್ ಮುಕ್ತ ತಂತ್ರಾಂಶವಲ್ಲ. ಹಾಗಾಗಿ ಉಬುಂಟುವಿನ ತಿರುಳಾದ ಕರ್ನೆಲ್ ಜೊತೆ ಬರುವುದಿಲ್ಲ, ಬೇರೆಯಾಗಿ ತರಬೇಕು. ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು! ಈ ಗಂಟನ್ನು ಬಿಡಿಸಿದ್ದು ಮೊಬೈಲ್. ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ ಮೊಬೈಲ್‌ನ ಇಂಟರ್ನೆಟ್ ಹಂಚುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಉಬುಂಟು ಅದನ್ನು ತಂತಿಯ ಜಾಲವೆಂದೇ ತಿಳಿದು ಒಪ್ಪಿಕೊಂಡಿತು. ಆ ಡ್ರೈವರನ್ನು ನಮ್ಮ ಯಂತ್ರದಲ್ಲೇ ಕಟ್ಟುವ ಬಿಸಿಎಂಡಬ್ಲ್ಯುಎಲ್-ಕರ್ನೆಲ್-ಸೋರ್ಸ್ ಪ್ಯಾಕೇಜ್ ಇಳಿಯಿತು.

ಡ್ರೈವರ್ ಬಂದರೂ ವೈಫೈ ಬರಲಿಲ್ಲ. ಮೋಡ್‌ಪ್ರೋಬ್ ಆದೇಶದ ಮೂಲಕ ಅದನ್ನು ಎಬ್ಬಿಸಲು ನೋಡಿದಾಗ, ಕೀಲಿ ಒಪ್ಪಿಗೆಯಾಗಿಲ್ಲ ಎಂಬರ್ಥದ ಉತ್ತರ ಬಂತು. ನಿಜವಾದ ಕಾರಣ ಇಲ್ಲಿತ್ತು. ಸೆಕ್ಯೂರ್ ಬೂಟ್ (ಯಂತ್ರ ಏಳುವಾಗ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಆನ್ ಇದ್ದರೆ, ನಂಬಿಕೆಯ ಕೀಲಿಯಿಂದ ಡಿಜಿಟಲ್ ಸಹಿಯಾಗದ ಮಾಡ್ಯೂಲನ್ನು, ಅಂದರೆ ಡ್ರೈವರ್‌ನಂಥ ತುಣುಕನ್ನು, ಉಬುಂಟು ಕರ್ನೆಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಯಂತ್ರದಲ್ಲೇ ಕಟ್ಟಿದ ಡ್ರೈವರ್‌ಗೆ ನಮ್ಮದೇ ಕೀಲಿಯ ಸಹಿ ಬೀಳುತ್ತದೆ. ಆ ಕೀಲಿ ಯಾರದೆಂದು ಯಂತ್ರಕ್ಕೆ ಇನ್ನೂ ಗೊತ್ತಿರುವುದಿಲ್ಲ.

ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಎಂದು ಬಹಳ ಜನ ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಅದು ಕಾವಲನ್ನೇ ತೆಗೆದುಹಾಕಿದಂತೆ. ಮೇಲಾಗಿ ವಿಂಡೋಸ್ ಭಾಗಕ್ಕೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ, ಆ ಬದಲಾವಣೆಯ ನಂತರ ಅದು 48 ಅಂಕಿಗಳ ರಿಕವರಿ ಕೀ ಕೇಳಿ ಕೂರಬಹುದು.

ಕೀಲಿಯನ್ನು ನೋಂದಾಯಿಸುವುದೇ ನೇರ ದಾರಿ. ಮೋಕ್‌ಯುಟಿಲ್ ಇಂಪೋರ್ಟ್ ಆದೇಶದಿಂದ ಎಂಒಕೆ ಕೀಲಿಯನ್ನು (ಯಂತ್ರದ ಮಾಲೀಕನ ಕೀಲಿ, ಅಂದರೆ ಡ್ರೈವರ್‌ಗೆ ಸಹಿ ಹಾಕಿದ ಅದೇ ಕೀಲಿ) ಮುಂದಿಟ್ಟು, ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು, ಯಂತ್ರವನ್ನು ಮರುಚಾಲನೆ ಮಾಡಿದೆ. ಉಬುಂಟು ಏಳುವ ಮೊದಲೇ ನೀಲಿ ಪರದೆಯೊಂದು ಬರುತ್ತದೆ. ಕೆಲವೇ ಸೆಕೆಂಡು ನಿಲ್ಲುತ್ತದೆ, ಕಣ್ಣಿಟ್ಟಿರಬೇಕು. ಯಾವುದಾದರೂ ಕೀ ಒತ್ತಿದರೆ ಮೆನು ತೆರೆಯುತ್ತದೆ. ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಬಳಿಕ ಅದೇ ಪಾಸ್‌ವರ್ಡ್. ಉಬುಂಟು ಎದ್ದಾಗ ಮೇಲಿನ ಪಟ್ಟಿಯಲ್ಲಿ ವೈಫೈ ಚಿಹ್ನೆ ಇತ್ತು, ಮನೆಯ ರೂಟರ್ ಹೆಸರೂ ಕಂಡಿತು.

ಕಾರ್ಡ್‌ಗೆ ಡ್ರೈವರ್ ಇದ್ದೂ ವೈಫೈ ಸಿಗದಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಡೆ ನೋಡಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕೆಲವು ಕಾರ್ಡ್‌ಗಳು ಅರ್ಧ ಎಚ್ಚರದ ಸ್ಥಿತಿಯಲ್ಲೇ ಉಳಿಯುತ್ತವೆ. ಪರೀಕ್ಷೆ ಸುಲಭ: ವಿಂಡೋಸ್‌ನಿಂದ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟು ಉಬುಂಟುವಿಗೆ ಬನ್ನಿ. ಆಗ ವೈಫೈ ಬಂದರೆ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿದರೆ ಸಾಕು.