ಅಮ್ಮನ ಎರಡು ಪುಟ

ಅಮ್ಮನ ಲಿವಿಂಗ್ ವಿಲ್ ಮಾಡಿಸ್ತೀನಿ, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆಸಿಡ್ತೀನಿ ಅಂದಾಗ ನಕ್ಕವರೇ ಜಾಸ್ತಿ. "ಆಸ್ಪತ್ರೆಯವರು ಅದನ್ನ ಮೂಸಿ ಕೂಡ ನೋಡಲ್ಲ" ಎಂದರು ಸೋದರಮಾವ. ಅರ್ಧ ನಿಜ.

ಅಪ್ಪನ ವಿಷಯದಲ್ಲಿ ನಾವು ಸೋತಿದ್ದೆವು. 19 ದಿನವೋ 20 ದಿನವೋ ವೆಂಟಿಲೇಟರ್, 9 ಲಕ್ಷದ ಹತ್ತಿರ ಬಿಲ್. ಸೈಟು ಹೋಯಿತು. ಡಾಕ್ಟರು "ಏನು ಮಾಡೋಣ?" ಅಂದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅಪ್ಪನನ್ನು ಯಾರೂ ಕೇಳಿಟ್ಟುಕೊಂಡಿರಲಿಲ್ಲವಲ್ಲ.

ಅಮ್ಮನಿಗೆ ಸಿಒಪಿಡಿ, ಉಸಿರು ಕಟ್ಟಿಸುವ ಶ್ವಾಸಕೋಶದ ಕಾಯಿಲೆ. ನಲವತ್ತು ವರ್ಷ ಸೌದೆ ಒಲೆ ಊದಿದವಳು. ಲಿವಿಂಗ್ ವಿಲ್‌ಗೆ ಒಪ್ಪಿಗೆ ಕೊಟ್ಟ ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದೇ ಕೋರ್ಟ್ ಅದನ್ನು ತೆಗೆದು ಇಬ್ಬರು ಸಾಕ್ಷಿ, ಒಬ್ಬ ನೋಟರಿ ಸಾಕು ಅಂದಿತು. ಆದರೂ ಮೊದಲ ನೋಟರಿ "ಆಸ್ತಿ ಯಾರಿಗೆ?" ಎಂದರು. ಎರಡನೆಯವರು ಆತ್ಮಹತ್ಯೆ ಕೇಸಾಗುತ್ತೆ ಅಂತ ಕೈ ಮುಗಿದರು. ಮೂರನೆಯವರ ಮುಂದೆ ತೀರ್ಪಿನ ಪ್ರಿಂಟು, ಇದೇ ವಿಷಯದ ಮೇಲೆ 2025ರಲ್ಲಿ ಬಂದ ಕರ್ನಾಟಕ ಸರ್ಕಾರದ ಸುತ್ತೋಲೆ, ಎರಡನ್ನೂ ಇಟ್ಟೆ. ಜೆರಾಕ್ಸು, ಆಟೋ ಎಲ್ಲ ಸೇರಿ 1,500 ದಾಟಲಿಲ್ಲ.

ಮಧ್ಯೆ ವಿಡಿಯೊ ಮಾಡಿ ನೋಡಿದೆ. ಮೊಬೈಲ್ ಎತ್ತಿದರೆ ಸಾಕು, ಅಮ್ಮ ಸೆರಗು ಸರಿ ಮಾಡಿಕೊಂಡು "ನಿಮ್ಮಿಷ್ಟ ಕಣ್ರಪ್ಪ" ಅನ್ನುತ್ತಿದ್ದಳು. ಅವರೆಕಾಯಿ ಬಿಡಿಸುವಾಗ ಕೇಳಿದರೆ ಮಾತ್ರ ನಿಜ ಬಾಯಿಗೆ ಬರುತ್ತಿತ್ತು: "ಗಂಟಲಿಗೆ ಪೈಪು ಬೇಡ. ಎದೆ ಗುದ್ದೋದು ಬೇಡ. ಉಸಿರು ಕಟ್ಟದ ಹಾಗೆ ನೋಡ್ಕೊಳ್ಳಿ." ವಕೀಲರ ನಮೂನೆಯ ಜೊತೆಗೆ ಎರಡನೇ ಪುಟದಲ್ಲಿ ಇದನ್ನು ಹಾಗೇ ಬರೆಸಿದೆ. ಈ ಜಾಣತನ ನನ್ನದೇ. ದುಬೈಯಲ್ಲಿರುವ ತಮ್ಮನನ್ನು ಒಪ್ಪಿಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ, ಆ ಉಪಾಯ ನನಗಿನ್ನೂ ಬೇಕು.

ಹೋದ ಮಳೆಗಾಲ ಅಡ್ಮಿಟ್ ಮಾಡಿದೆವು. ಡ್ಯೂಟಿ ಡಾಕ್ಟರು ಕಾಗದ ಮಡಚಿ ಪಕ್ಕಕ್ಕಿಟ್ಟರು. ಪುಣ್ಯಕ್ಕೆ ಅಮ್ಮನಿಗೆ ಪ್ರಜ್ಞೆ ಇತ್ತು. ಸೀನಿಯರ್ ಬಂದು ಅವಳನ್ನೇ ಕೇಳಿದರು, ಕೇಸ್ ಶೀಟಿನಲ್ಲಿ 'ಡಿಎನ್‌ಎಆರ್' ಬರೆದರು, ಅಂದರೆ ಹೃದಯ ನಿಂತರೆ ಎದೆ ಒತ್ತಿ ಎಬ್ಬಿಸಲು ನೋಡಬೇಡಿ ಅಂತ. ಪ್ರಜ್ಞೆ ತಪ್ಪಿದ್ದರೆ ಕಾಗದದಂತೆ ನಡೆಯೋಕೆ ಡಾಕ್ಟರುಗಳ ಎರಡು ಮೆಡಿಕಲ್ ಬೋರ್ಡು ಒಪ್ಪಬೇಕು, ಆ ಓಡಾಟವೇ ಬೇರೆ.

ಕಾಗದ ಕೆಲಸಕ್ಕೆ ಬಂದದ್ದು ಮಾರನೇ ದಿನ. "ಅಕ್ಕನ್ನ ಸಾಯಿಸ್ತಿದ್ದೀರಾ?" ಅಂತ ಮಾವ ವಾರ್ಡಿನಲ್ಲೇ ಕೂಗಾಡಿದರು. ಮಾತಾಡದೆ ಎರಡನೇ ಪುಟ ಕೈಗಿಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. 'ಎದೆ ಗುದ್ದೋದು' ಹತ್ತಿರ ಬಂದು ನಿಂತರು. "ಇದು ಅಕ್ಕನ ಮಾತೇ" ಅಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಆಮೇಲೆ ಚಮಚದಲ್ಲಿ ಎಳನೀರು ಕುಡಿಸಿದ್ದು ಅವರೇ.

ಆಕ್ಸಿಜನ್, ಸ್ವಲ್ಪ ಮಾರ್ಫಿನ್, ನಾಲ್ಕು ದಿನ. ಬಿಲ್ 40 ಸಾವಿರದ ಆಸುಪಾಸು. ಅರ್ಧ ಮಾವ ಕಟ್ಟಿದರು.